ಮಳೆಯಲ್ಲಿ ಗಾಲ್ಫು, ಮತ್ತೆ ಕೊಡೆ ಹಿಡಿಯೋರು

ಗಾಲ್ಫ್ ಅಂದ್ರೆ ನಮ್ಮವರಿಗೆ ಇನ್ನೂ ದುಡ್ಡಿದ್ದವರು ತಂಪು ಹೊತ್ತಲ್ಲಿ ಹುಲ್ಲಿನ ಮೇಲೆ ವಾಕಿಂಗ್ ಹೋಗೋ ನೆಪ. ಪೂರ್ತಿ ಸುಳ್ಳೇನಲ್ಲ ಬಿಡಿ :) ಆದ್ರೆ ಈ ಆಟದ ನಿಜವಾದ ರುಚಿ ಗೊತ್ತಾಗೋದು ಹವಾ ಕೆಟ್ಟಾಗಲೇ ಅಂತ ನನ್ನ ವಾದ.

2002ರ ಬ್ರಿಟಿಷ್ ಓಪನ್ನನ್ನೇ ತಗೊಳ್ಳಿ. ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡ್. ಟೈಗರ್ ವುಡ್ಸ್ ಆ ವರ್ಷ ಮಾಸ್ಟರ್ಸು, ಯು.ಎಸ್. ಓಪನ್ನು ಎರಡನ್ನೂ ಗೆದ್ದು ಬಂದಿದ್ದ. ಮೂರನೇ ದಿನ ಮಧ್ಯಾಹ್ನ ಚಳಿಗಾಳಿ, ಮಳೆ ಎರಡೂ ಒಟ್ಟಿಗೆ ಅಪ್ಪಳಿಸಿದವು. ಟೈಗರ್ 81! ಹಿಂದಿನ ದಿನ 64 ಹೊಡೆದಿದ್ದ ಕಾಲಿನ್ ಮಾಂಟ್‌ಗೊಮರಿ 84! ಬೆಳಿಗ್ಗೆ ಆಡಿದವರು ಬಚಾವಾದ್ರು, ಎಲ್ಲಾ ಅದೃಷ್ಟ ಅಂತಾರೆ ಕೆಲವರು. ಆದ್ರೆ ಎರ್ನಿ ಎಲ್ಸ್ ಕೂಡ ಮಧ್ಯಾಹ್ನವೇ ಆಡಿದ್ದು. ಅದೇ ಗಾಳಿಮಳೆಯಲ್ಲಿ 72ಕ್ಕೆ ಮುಗಿಸಿದ, ಮರುದಿನ ನಾಲ್ವರ ಪ್ಲೇಆಫ್‌ನಲ್ಲಿ ಗೆದ್ದ. ಟೈಗರ್ ಮರುದಿನ 65 ಹೊಡೆದ, ಆದ್ರೆ ಅಷ್ಟೊತ್ತಿಗೆ ಕಾಲ ಮಿಂಚಿತ್ತು.

ಎದುರುಗಾಳಿ ಬಂದಾಗ ಜೋರಾಗಿ ಬೀಸೋಣ ಅನ್ಸುತ್ತೆ. ಜೋರಾಗಿ ಬೀಸಿದಷ್ಟೂ ಚೆಂಡು ಹಿಂದಕ್ಕೆ ತಿರುಗೋದು ಹೆಚ್ಚಾಗಿ, ಗಾಳಿಪಟದ ಹಾಗೆ ಮೇಲಕ್ಕೆದ್ದು ಅಲ್ಲೇ ಬೀಳುತ್ತೆ. ದೊಡ್ಡ ಕ್ಲಬ್ ಹಿಡಿದು ಮೆಲ್ಲಗೆ, ತಗ್ಗಿನಲ್ಲಿ ಹೊಡೀಬೇಕು. ಮಳೆಗೆ ಒಣ ಟವೆಲ್ಲು, ಎರಡು ಗ್ಲೌಸು ಹೆಚ್ಚಿಗೆ ಇದ್ರೆ ಸಾಕು. ನಿಂತ ನೀರಲ್ಲಿ ಚೆಂಡು ಬಿದ್ರೆ ದಂಡವಿಲ್ಲದೆ ಹೊರಗೆ ತೆಗೆಯೋಕೆ ನಿಯಮವೇ ಅವಕಾಶ ಕೊಡುತ್ತೆ.

ಆದ್ರೆ ಮಿಂಚಿನ ವಿಷಯ ಬೇರೆ. ಬರೀ ಮಳೆ ಅಂತ ಪಂದ್ಯದ ನಡುವೆ ನೀವಾಗಿ ಆಟ ನಿಲ್ಲಿಸೋ ಹಾಗಿಲ್ಲ, ಸಿಡಿಲಿನ ಭಯ ಇದ್ರೆ ಯಾರನ್ನೂ ಕೇಳದೆ ನಿಲ್ಲಿಸಬಹುದು. 1975ರಲ್ಲಿ ಷಿಕಾಗೋ ಹತ್ರ ಆಡ್ತಿದ್ದ ಲೀ ಟ್ರೆವಿನೋಗೆ ಸಿಡಿಲು ಬಡಿದಿತ್ತು, ಹೇಗೋ ಬದುಕಿಕೊಂಡ. 1991ರ ಯು.ಎಸ್. ಓಪನ್ ನೋಡೋಕೆ ಬಂದಿದ್ದ ಒಬ್ಬ ಪ್ರೇಕ್ಷಕ ಸತ್ತೇ ಹೋದ. ಬೆಂಗಳೂರಿನ ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ನಿಮಗೂ ಗೊತ್ತಲ್ಲ, ಗುಡುಗು ಸಿಡಿಲು ಇಲ್ದೆ ಬರೋದೇ ಅಪರೂಪ.

ಈಗ ನನ್ನ ಹೊಟ್ಟೆ ಉರಿಸೋ ವಿಷಯ. ನಾನು ಆಡೋ ಕಡೆ ಆಟ ಅರ್ಧಕ್ಕೆ ನಿಂತ್ರೆ ಕ್ಯಾಡಿಗೆ ಅರ್ಧ ದುಡ್ಡು. ಮೂರ್ನಾಲ್ಕು ಹೋಲಿಗೇ ನಿಂತ್ರೆ ಅದೂ ಅನುಮಾನ. ಹಾಗಾಗಿ ಆಕಾಶ ಕಪ್ಪಿಟ್ಟು ಗುಡುಗ್ತಾ ಇದ್ರೂ "ಇನ್ನೊಂದು ಹೋಲ್ ಆಡಿ ಸಾರ್, ಹೋಗುತ್ತೆ ಮಳೆ" ಅನ್ನೋನು ಅವನೇ. ನಮ್ಮ ಮೈಮೇಲೆ ಸಾವಿರಾರು ರೂಪಾಯಿಯ ರೇನ್‌ಕೋಟು, ಅವನ ತಲೆ ಮೇಲೆ ಪ್ಲಾಸ್ಟಿಕ್ ಕವರು. ಕಬ್ಬಿಣದ ಕ್ಲಬ್ಬು ತುಂಬಿದ ಬ್ಯಾಗು ಅವನ ಹೆಗಲಿಗೆ, ಕೊಡೆ ಹಿಡಿಯೋದೂ ಅವನೇ, ನಮ್ಮ ತಲೆಗೆ!

ಮೊದಲ ಹೊಡೆತ ಹೊಡೆದ ಮೇಲೆ ಆಟ ಎಲ್ಲೇ ನಿಂತ್ರೂ ಪೂರ್ತಿ ದುಡ್ಡು ಕೊಡಬೇಕು ಅಂತ ನಾನು ಹೇಳಿದ್ರೆ, ಹಿರಿಯ ಸದಸ್ಯರೊಬ್ಬರು "ಅಭ್ಯಾಸ ಕೆಡಿಸ್ಬೇಡ್ರಿ" ಅಂದ್ರು. ಅವರೇ ಅವತ್ತು ಕೆರೆಗೆ ಹಾಕಿದ ನಾಲ್ಕು ಚೆಂಡಿನ ಬೆಲೆ ಅವನ ಬಾಕಿ ಅರ್ಧ ಕೂಲಿಗಿಂತ ಜಾಸ್ತಿ.

ಮುಂದಿನ ತಿಂಗಳ ಸಭೆಯಲ್ಲಿ ಮತ್ತೆ ಕೇಳ್ತೀನಿ. ಅಲ್ಲಿವರೆಗೆ ಗುಡುಗು ಕೇಳಿದ ಕೂಡಲೇ ಪೂರ್ತಿ ದುಡ್ಡು ಕೈಗಿಟ್ಟು, ಇಬ್ಬರೂ ಒಳಗೆ ಓಡೋದು ಅಂತ ನಮ್ಮ ನಾಲ್ಕು ಜನದ ಗುಂಪಲ್ಲಿ ಮಾತಾಗಿದೆ. ನೀವು ಆಡೋ ಕಡೆ ಹೇಗೆ ನಡೆಯುತ್ತೆ?