ಫಿರಂಗ ರೋಗ: ಗುಟ್ಟು ಬಿಟ್ಟರೆ ಗುಣ

ಚರಕ, ಸುಶ್ರುತ ಸಂಹಿತೆಗಳಲ್ಲಿ ಕಾಣದ ವ್ಯಾಧಿಯೊಂದನ್ನು 16ನೆಯ ಶತಮಾನದ ಭಾವಮಿಶ್ರನು ತನ್ನ ‘ಭಾವಪ್ರಕಾಶ’ದಲ್ಲಿ ಫಿರಂಗ ರೋಗವೆಂದು ಹೆಸರಿಸಿ ವಿವರಿಸಿದನು. ಇಂದು ಸಿಫಿಲಿಸ್ ಎನ್ನುವುದು ಅದನ್ನೇ. ಹೊಸ ರೋಗ ಕಂಡಾಗ ಶಾಸ್ತ್ರಕ್ಕೆ ಹೊಸ ಅಧ್ಯಾಯ ಸೇರಿಸಲು ಆತನು ಹಿಂಜರಿಯಲಿಲ್ಲ. ಅದೇ ಮನಸ್ಸಿನಿಂದ ಈ ರೋಗಾಣುವಿನ ಕುರಿತ ಇಂದಿನ ಶೋಧನೆಯನ್ನೂ ಆಯುರ್ವೇದದವರಾದ ನಾವು ಬರಮಾಡಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

1905ರಲ್ಲಿ ಬರ್ಲಿನ್ ನಗರದಲ್ಲಿ ಶೌಡಿನ್ ಮತ್ತು ಹಾಫ್‌ಮನ್ ಗುರುತಿಸಿದ ಈ ಸುರುಳಿಯಾಕಾರದ ಬ್ಯಾಕ್ಟೀರಿಯಾ ಪ್ರಯೋಗಾಲಯದಲ್ಲಿ ಸುಲಭವಾಗಿ ಬೆಳೆಯದು. ದಶಕಗಳ ಕಾಲ ಅದನ್ನು ಮೊಲಗಳ ದೇಹದಲ್ಲಿಯೇ ಬೆಳೆಸಬೇಕಾಯಿತು. 1998ರಲ್ಲಿ ಮೊದಲ ಬಾರಿಗೆ ಓದಲಾದ, ಸುಮಾರು 11.4 ಲಕ್ಷ ಅಕ್ಷರಗಳ ಅದರ ಜೀನೋಮ್ ಕೂಡ ಅಂತಹ ತಳಿಯದೇ. ಈಗಲಾದರೋ ರೋಗಿಯ ಹುಣ್ಣಿನಿಂದ ಹತ್ತಿಯಲ್ಲಿ ಒರಸಿ ತೆಗೆದ ಮಾದರಿಯಿಂದಲೇ ಅದನ್ನು ಓದಬಹುದಾಗಿದೆ. ಆ ಮಾದರಿಯಲ್ಲಿ ಮನುಷ್ಯನ ಡಿಎನ್‌ಎ ಹೇರಳ, ರೋಗಾಣುವಿನದು ಅತ್ಯಲ್ಪ. ರೋಗಾಣುವಿನ ಡಿಎನ್‌ಎಗೆ ಮಾತ್ರ ಅಂಟುವ ಕೃತಕ ಎಳೆಗಳನ್ನು ಗಾಳದಂತೆ ಬಿಟ್ಟು ಅದನ್ನು ಹಿಡಿದೆತ್ತುತ್ತಾರೆ.

ಇದರಿಂದ ತಿಳಿದುಬಂದ ಸಂಗತಿ ಗಂಭೀರವಾದುದು. ಅಜಿತ್ರೊಮೈಸಿನ್ ಮಾತ್ರೆಗೆ ಮಣಿಯದ ತಳಿಗಳು ಅನೇಕ ದೇಶಗಳಲ್ಲಿ ಹರಡಿವೆ. ಪೆನಿಸಿಲಿನ್ ಚುಚ್ಚುಮದ್ದು ಮಾತ್ರ ಇಂದಿಗೂ ಫಲಕಾರಿ. ಅಂಗಡಿಯಲ್ಲಿ ಗುಟ್ಟಾಗಿ ಮಾತ್ರೆ ಕೊಂಡು ನುಂಗುವವರು ಇದನ್ನು ಅರಿಯಬೇಕು.

ನಮ್ಮದೊಂದು ತಪ್ಪನ್ನೂ ಇಲ್ಲಿ ಹೇಳಬೇಕು. ವೃತ್ತಿಯ ಆರಂಭದ ವರ್ಷಗಳಲ್ಲಿ, ಕತ್ತಲಾದ ಮೇಲೆ ಬಂದು ಔಷಧ ಬೇಡಿದವರಿಗೆ ಚೂರ್ಣ ಕೊಟ್ಟು ಕಳುಹಿಸಿದ್ದುಂಟು. ಕೆಲವು ವಾರಗಳಲ್ಲಿ ಹುಣ್ಣು ಮಾಯುತ್ತಿತ್ತು. ಅದು ನಮ್ಮ ಔಷಧದ ಗುಣವೆಂದೇ ನಂಬಿದ್ದೆವು. ಆದರೆ ಮೊದಲ ಹಂತದ ಹುಣ್ಣು ಚಿಕಿತ್ಸೆಯಿಲ್ಲದೆಯೂ ಸಾಮಾನ್ಯವಾಗಿ ಮೂರರಿಂದ ಆರು ವಾರಗಳಲ್ಲಿ ಮಾಯುತ್ತದೆ. ರೋಗ ಮಾತ್ರ ಒಳಗೇ ಉಳಿಯುತ್ತದೆ. ವರ್ಷಗಳ ಬಳಿಕ ಹೃದಯವನ್ನು, ಮಿದುಳನ್ನು ಕೆಡಿಸಬಲ್ಲದು. ತಾಯಿಯಿಂದ ಗರ್ಭಸ್ಥ ಶಿಶುವಿಗೂ ತಗಲುತ್ತದೆ. ಆ ರೋಗಿಗಳ ಗತಿ ಏನಾಯಿತೋ ಎಂಬ ಚಿಂತೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಆದುದರಿಂದ ಆಯುರ್ವೇದ ವೈದ್ಯ ಬಂಧುಗಳಲ್ಲಿ ನಮ್ಮ ವಿನಂತಿ: ಇಂತಹ ರೋಗಿ ಬಂದಾಗ ರಕ್ತಪರೀಕ್ಷೆಗೂ ಪೆನಿಸಿಲಿನ್ ಚಿಕಿತ್ಸೆಗೂ ತಡಮಾಡದೆ ಕಳುಹಿಸಿಕೊಡಿರಿ. ಸಂಶೋಧಕರು ಮಾದರಿ ಪಡೆಯುವಾಗ ರೋಗಿಯ ಒಪ್ಪಿಗೆ ಕೇಳಲಿ, ಹೆಸರನ್ನು ಗೋಪ್ಯವಾಗಿಡಲಿ. ಓದುಗರಾದ ತಾವು ಗರ್ಭಿಣಿಯ ಮೊದಲ ತಪಾಸಣೆಯಲ್ಲಿಯೇ ಈ ರಕ್ತಪರೀಕ್ಷೆ ಮಾಡಿಸಿರಿ. ರೋಗ ಕಂಡುಬಂದರೆ ಪತಿಪತ್ನಿಯರಿಬ್ಬರೂ ವೈದ್ಯರನ್ನು ಕಾಣಿರಿ. ಹೆಸರನ್ನು ಗೋಪ್ಯವಾಗಿಡುವುದು ಸರಿ. ರೋಗವನ್ನೇ ಬಚ್ಚಿಡುವುದು ಸಲ್ಲದು.