ಪ್ಲಾನ್ ಬದಲಿಸೋ ಮುಂಚೆ ಗೋಡೆ ನೋಡ್ರಿ

ದಸರಾ ರಜೆಗೆ ಶಹಾಬಾದಿನ ಮನೆಗೆ ಹೋಗಿದ್ದೆ. ಒಂದು ಕಂಪನಿಯ ಆನ್‌ಲೈನ್ ಟೆಸ್ಟ್ ಇತ್ತು. ಒಳಗಿನ ಖೋಲಿಯಲ್ಲಿ ಕೂತು ಬರೆಯುವಾಗ ಲ್ಯಾಪ್‌ಟಾಪಿನ ವೈಫೈ ಕೈಕೊಟ್ಟಿತು. ಮತ್ತೆ ಕನೆಕ್ಟ್ ಆಗುವಷ್ಟರಲ್ಲಿ ಟೈಮ್ ಮುಗಿದಿತ್ತು. "ಇಂಜಿನಿಯರಿಂಗ್ ಓದ್ತಿ, ಇಷ್ಟೂ ರಿಪೇರಿ ಮಾಡ್ಲಾಕ್ ಬರಂಗಿಲ್ಲೇನು?" ಅಂದ್ರು ಕಾಕಾ. ಸಿಟ್ಟು ಬಂತು, ಆದ್ರೆ ಉತ್ತರ ಇರಲಿಲ್ಲ.

ನಾನು ಮಾಡಿದ್ದೇನು? ರೂಟರ್ ಆಫ್ ಮಾಡಿ ಆನ್ ಮಾಡಿದೆ. ಡ್ರೈವರ್ ತೆಗೆದು ಮತ್ತೆ ಹಾಕಿದೆ. ಕೊನೆಗೆ, ಪ್ಲಾನ್ ಸಣ್ಣದು, ದೊಡ್ಡದು ಹಾಕಿಸ್ರಿ ಅಂತ ಅಪ್ಪನಿಗೆ ಹೇಳಿದೆ. ಪಾಪ, ಹಾಕಿಸಿದರು. ಬಿಲ್ ಏರಿತು, ಒಳಗಿನ ಖೋಲಿಯಲ್ಲಿ ವೈಫೈ ಮಾತ್ರ ಮೊದಲಿನಂಗೇ ಇತ್ತು.

ನನ್ನ ಮಾತು ಇಷ್ಟೇ: ತೊಂದರೆ ಎಲ್ಲಿದೆ ಅಂತ ಗೊತ್ತಾಗುವ ಮೊದಲು ಏನನ್ನೂ ಬದಲಿಸಬಾರದು. ಮನೆಯವರ ದುಡ್ಡಂತೂ ಖರ್ಚು ಮಾಡಿಸಲೇಬಾರದು. ಪರೀಕ್ಷೆಯಲ್ಲಿ ನೆಟ್‌ವರ್ಕಿನ ಏಳು ಲೇಯರ್ ಬಾಯಿಪಾಠ ಒಪ್ಪಿಸ್ತೀವಿ. ತೊಂದರೆಯನ್ನು ಬಿಡಿಬಿಡಿಯಾಗಿ ನೋಡೋದಕ್ಕೆ ಅವು ಬೇಕು ಅನ್ನೋದನ್ನ ಮರೀತೀವಿ.

ಮೊದಲು ಐಪಿಕಾನ್ಫಿಗ್ ಕಮಾಂಡ್ ಕೊಡಿ. ವಿಳಾಸ 169.254 ಅಂತ ಶುರುವಾದರೆ ಲ್ಯಾಪ್‌ಟಾಪಿಗೆ ರೂಟರ್‌ನಿಂದ ಐಪಿ ಸಿಕ್ಕೇ ಇಲ್ಲ. ಸರಿ ಇದ್ದರೆ ಅಲ್ಲೇ ಕಾಣುವ ಡೀಫಾಲ್ಟ್ ಗೇಟ್‌ವೇಗೆ ಪಿಂಗ್ ಮಾಡಿ. ಗೇಟ್‌ವೇ ಅಂದ್ರೆ ನಿಮ್ಮ ರೂಟರೇ. ಅಲ್ಲಿಂದಲೇ ಉತ್ತರ ತಡವಾದರೆ, ನಡುನಡುವೆ ಟೈಮ್‌ಔಟ್ ಆದರೆ, ತೊಂದರೆ ಮನೆಯೊಳಗೇ ಇದೆ. ಪ್ಲಾನ್ ದೊಡ್ಡದು ಮಾಡಿದರೆ ಹೋಗಲ್ಲ. ಅದು ಚೆನ್ನಾಗಿದ್ದು 8.8.8.8ಗೆ ಪಿಂಗ್ ಹೋಗದಿದ್ದರೆ ಕನೆಕ್ಷನ್‌ನವರಿಗೆ ಫೋನ್ ಮಾಡಿ. ಎರಡೂ ಸರಿ ಇದ್ದು ವೆಬ್‌ಸೈಟ್ ತೆರೆಯದಿದ್ದರೆ ಡಿಎನ್‌ಎಸ್ ನೋಡಿ.

ನಾನು ಇದನ್ನು ಮಾಡಿದ್ದು ಟೆಸ್ಟ್ ಹೋದ ಮೇಲೆ. ರೂಟರ್ ಪಕ್ಕ ಕೂತಾಗ ಪಿಂಗ್ ಸಲೀಸು, ಒಳಗಿನ ಖೋಲಿಯಲ್ಲಿ ಟೈಮ್‌ಔಟ್. ಲ್ಯಾಪ್‌ಟಾಪ್ ಅದೇ, ಡ್ರೈವರ್ ಅದೇ, ಪ್ಲಾನ್ ಅದೇ. ನಡುವೆ ಇದ್ದದ್ದು ಗೋಡೆ.

ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ಕಡೆಯ ಗೆಳೆಯರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಹಳೇ ಮನೆಗಳಲ್ಲಿ ನೆಲಕ್ಕೂ ಕಲ್ಲು, ಗೋಡೆಗೂ ಕಲ್ಲು. ಬೇಸಿಗೆಗೆ ತಂಪು, ಆದ್ರೆ ವೈಫೈಗೆ ಅಡ್ಡ. 5 ಗಿಗಾಹರ್ಟ್ಸ್ ವೇಗ ಜಾಸ್ತಿ ಕೊಟ್ಟರೂ ದಪ್ಪ ಗೋಡೆ ದಾಟುವಾಗ 2.4ಕ್ಕಿಂತ ಬೇಗ ಸೋಲುತ್ತದೆ. ನನ್ನ ಲ್ಯಾಪ್‌ಟಾಪ್ ಹಿಡಿದು ಕೂತಿದ್ದು 5ನ್ನೇ. ಸಾಲದ್ದಕ್ಕೆ ರೂಟರ್ ಇಟ್ಟಿದ್ದು ಹೊರಬಾಗಿಲ ಹತ್ತಿರ, ಕಬ್ಬಿಣದ ತಿಜೋರಿ ಹಿಂದೆ.

2.4ಕ್ಕೆ ಬದಲಿಸಿದೆ. ರೂಟರನ್ನು ತಿಜೋರಿ ಹಿಂದಿನಿಂದ ತೆಗೆದು, ನಡುಮನೆ ಬಾಗಿಲಿಗೆ ನೇರವಾಗಿ ಎತ್ತರದಲ್ಲಿಟ್ಟೆ. ಟೆಸ್ಟ್ ಇದ್ದ ದಿನಕ್ಕೆ ಅಂತ ಉದ್ದನೆಯ ಲ್ಯಾನ್ ಕೇಬಲ್ ತಂದಿಟ್ಟೆ. ಅಪ್ಪ ಹಳೇ ಪ್ಲಾನಿಗೆ ವಾಪಸ್ ಬಂದರು. ಆ ಟೆಸ್ಟ್ ಮಾತ್ರ ವಾಪಸ್ ಬರಲಿಲ್ಲ.

ನೆಟ್‌ವರ್ಕ್ ಲ್ಯಾಬಿನಲ್ಲಿ ಸಿಮ್ಯುಲೇಟರ್ ಜೊತೆ ಇದೂ ಒಂದು ಪ್ರಯೋಗ ಆಗಲಿ: ನಿಮ್ಮ ಮನೆಯ ಪ್ರತಿ ಖೋಲಿಯಿಂದ ರೂಟರಿಗೆ ಪಿಂಗ್ ಮಾಡಿ ಬರೆದುಕೊಂಡು ಬನ್ನಿ ಅಂತ. ಅಲ್ಲಿತನಕ ಕಾಯೋದು ಬ್ಯಾಡ. ಈ ಸಲ ಊರಿಗೆ ಹೋದಾಗ ನೀವೇ ಮಾಡಿ ನೋಡ್ರಿ. ಹತ್ತು ನಿಮಿಷದ ಕೆಲಸ.