ಚಪ್ಪಲಿ ಕಾಯುವ ಹುಡುಗ

ಕಳೆದ ವಾರ ಶಂಕರನಾರಾಯಣದ ಕಡೆ ಮಕ್ಕಳ ಆಟೋಟ ನೋಡುತ್ತ ನಿಂತಿದ್ದೆ. ಊರುಗೋಲಿನ ಹುಡುಗನೊಬ್ಬನಿಗೆ ಸಿಕ್ಕ ಕೆಲಸ, ಓಡುವವರ ಚಪ್ಪಲಿ ಕಾಯುವುದು. ‘ನೀ ಇಲ್ಲೇ ಕೂಕೋ ಮಗಾ’ ಎಂದವರ ದನಿಯಲ್ಲಿ ಅಕ್ಕರೆಯೇ ಇತ್ತು. ತೊಂದರೆ ಇರುವುದೂ ಆ ಅಕ್ಕರೆಯಲ್ಲೇ. ಅಕ್ಕರೆಗಿಂತ ಬೇಕಾದದ್ದು ಮೈಯ ಬಲ ಗುರುತಿಸುವ ಕಣ್ಣು. ವಂಡ್ಸೆ ಕಡೆಯ ಗುರುರಾಜ ಪೂಜಾರಿ ಕುಸ್ತಿಯ ಹುಚ್ಚಿನವರಾಗಿದ್ದರು. ಉಜಿರೆಯ ಕಾಲೇಜಿನಲ್ಲಿ ತರಬೇತುದಾರರು ಅವರನ್ನು ಭಾರ ಎತ್ತಲು ಹಚ್ಚಿದರು, 2018ರ ಕಾಮನ್‌ವೆಲ್ತ್ ಬೆಳ್ಳಿ ಬಂತು. ಆದರೆ ಊರುಗೋಲಿನವನ ಮೈಯಲ್ಲಿ ನಮಗೆ ಕಾಣುವುದು ಕಾಲು ಮಾತ್ರ, ತೋಳಲ್ಲ. ಪ್ಯಾರಾ ಕ್ರೀಡಾಪಟು ಮಾಲತಿ ಹೊಳ್ಳರಿಗೆ ವರ್ಷದ ಕೂಸಾಗಿದ್ದಾಗಲೇ ಪೋಲಿಯೊ. ಮುಂದೆ ಮೂವತ್ತಕ್ಕೂ ಮಿಕ್ಕಿ ಶಸ್ತ್ರಚಿಕಿತ್ಸೆ. 1988ರಲ್ಲಿ ಸೋಲ್ ಪ್ಯಾರಾಲಿಂಪಿಕ್ಸ್‌ಗೆ ಹೋದರು, 2001ರಲ್ಲಿ ಪದ್ಮಶ್ರೀ. ಅವರಂತೆ ಕೂತು ಗುಂಡೆಸೆಯುವವರಿಗೆ ಗಿರಕಿ ಹೊಡೆದು ವೇಗ ಪಡೆಯುವ ಅನುಕೂಲವಿಲ್ಲ. ನೆಲಕ್ಕೆ ಬಿಗಿದ ಕುರ್ಚಿ, ಮೈಗೆ ಪಟ್ಟಿ, ಉಳಿದದ್ದೆಲ್ಲ ಭುಜ. ಮರುಕದಿಂದ ಒಂದು ಸೆಂಟಿಮೀಟರೂ ಹೆಚ್ಚುವುದಿಲ್ಲ. ಮಧ್ಯಾಹ್ನ ಬೇಸರಕ್ಕೆ ಹುಡುಗ ಕೂತಲ್ಲಿಂದಲೇ ಒಂದು ಕಲ್ಲು ಬೀಸಿದ. ಅದು ಬೇಲಿ ದಾಟಿ ಗದ್ದೆಯ ನೀರಿಗೆ ಬಿತ್ತು. ಟೇಪು ಹಿಡಿದವರು ಆಗ ಉದ್ದಜಿಗಿತದ ಹೊಂಡದ ಹತ್ತಿರ ಇದ್ದರು.